ಜನರೇಟರ್ ಸುಭಾಷನ ಹೊಟ್ಟೆಕಿಚ್ಚು

ಬೆಳಗಿನ ಆರೂಕಾಲು. ಬೇಲೆಕೇರಿಯ ಐಸ್ ಫ್ಯಾಕ್ಟರಿಯಲ್ಲಿ ಕರೆಂಟಿಲ್ಲ, ಜನರೇಟರ್ ಗುಡುಗುತ್ತಿದೆ. ಅದರ ಕಂಟ್ರೋಲರ್ ಎದುರು ಕುಕ್ಕರಗಾಲಲ್ಲಿ ಕುಳಿತ ಅಗಸೂರಿನ ಸುಭಾಷ ಒಂದೊಂದೇ ಮಷೀನು ಹಾಕಿಸುತ್ತಾನೆ. ಲೋಡು ಶೇಕಡಾ ತೊಂಬತ್ತು ದಾಟುತ್ತಲೇ ಐಸ್ ಪುಡಿಮಾಡುವ ಮಷೀನು ತಾನಾಗಿ ನಿಲ್ಲುತ್ತದೆ. ಸಾಲದಿದ್ದರೆ ಬೋಟಿಗೆ ನೀರು ತುಂಬುವ ಪಂಪು ನಿಲ್ಲುತ್ತದೆ. ಐಸ್ ಕಟ್ಟಿಸುವ ಕಂಪ್ರೆಸರ್ ಮಾತ್ರ ಓಡುತ್ತಲೇ ಇರುತ್ತದೆ.

"ಎಲ್ಲಾ ಒಟ್ಟಿಗೆ ಹೊತ್ಕಂಡ್ರೆ ಇಂಜಿನ್ ಉಸ್ರು ಕಟ್ತದೆ. ಯಾವ್ದು ಮೊದ್ಲು ಬಿಡ್ಬೇಕು ಅಂತ ಅದಕ್ಕೆ ಕಲ್ಸೂದೇ ನನ್ ಕೆಲ್ಸ," ಎನ್ನುತ್ತಾನೆ.

ವಯಸ್ಸು ನಲವತ್ತಾರು. ಕಾರವಾರದಲ್ಲಿ ಐಟಿಐ ಮುಗಿಸಿ ಈ ಕೆಲಸಕ್ಕಿಳಿದು ಹತ್ತೊಂಬತ್ತು ವರ್ಷ. ಕಾರವಾರದಿಂದ ಅಂಕೋಲಾದವರೆಗೆ ನಲವತ್ತೊಂದು ಜನರೇಟರುಗಳು ಇವನ ಕೈಯಲ್ಲಿವೆ. ಮೊಣಕೈವರೆಗೆ ಸೈಲೆನ್ಸರ್ ಸುಟ್ಟ ಕಲೆಗಳಿವೆ. ಇಷ್ಟಾದರೂ ಫ್ಯಾಕ್ಟರಿಯ ಗೋಡೆ ಮೇಲಿರುವ ಫೋಟೋ ಇವನದಲ್ಲ! ಶಾಲು ಹೊದ್ದು ನಿಂತವನು ಕಾರವಾರದ ಇಂಜಿನಿಯರ್ ರವಿಕಿರಣ. ಹೊಸ ಕಂಟ್ರೋಲರ್ ಕೂರಿಸಿದ ದಿನ ಮಾಲೀಕ ಮಾಬ್ಲೇಶ್ವರ ಹೊದಿಸಿದ ಶಾಲು ಅದು.

"ಹೊಟ್ಟೆಕಿಚ್ಚು ಅದೆ. ಸುಳ್ಳು ಎಂತಕ್ಕೆ ಹೇಳೂದು? ಆ ಫೋಟೋ ಕಂಡ್ರೆ ಮೈಯೆಲ್ಲಾ ಉರೀತದೆ."

ಕಳೆದ ಮಳೆಗಾಲದಲ್ಲಿ ಆ ಉರಿಗೆ ಒಳ್ಳೆಯ ಅವಕಾಶ ಸಿಕ್ಕಿತ್ತು. ರೇಡಿಯೇಟರಿನಲ್ಲಿ ನೀರು ಇಳಿದರೆ ಬೆಲ್ ಹೊಡೆಯಬೇಕು. ರವಿಕಿರಣ ಇಟ್ಟ ಸೆಟ್ಟಿಂಗಿನಲ್ಲಿ, ನೀರಿನ ಮಟ್ಟ ನೋಡುವ ಸೆನ್ಸರಿನ ವೈರಿನಲ್ಲಿ ಕರೆಂಟು ಹರಿದರೆ ಮಾತ್ರ ಬೆಲ್. ಆದರೆ ಸಮುದ್ರದ ಉಪ್ಪುಗಾಳಿ ವೈರನ್ನೇ ತಿಂದು ಹಾಕಿತ್ತು. ನೀರು ಪೂರಾ ಬತ್ತಿದರೂ ಬೆಲ್ ತೆಪ್ಪಗಿರುತ್ತಿತ್ತು.

"ಬಾಯ್ಮುಚ್ಕಂಡಿದ್ರೆ ಎಂಟು ದಿನಕ್ಕೆ ಇಂಜಿನ್ ಸುಡ್ತಿತ್ತು, ಶಾಲಿನ ಮರ್ಯಾದೆನೂ ಹೋಗ್ತಿತ್ತು. ಒಂದು ಚಾ ಕುಡಿಯೂವಷ್ಟ್ ಹೊತ್ತು ಹಾಗೇ ಬಿಡ್ವಾ ಅಂತಿದ್ದೆ," ಎಂದು ನಗುತ್ತಾನೆ. ಚಾ ಮುಗಿಸಿ ವೈರು ಬದಲಿಸಿದ. ಸೆಟ್ಟಿಂಗನ್ನೂ ಉಲ್ಟಾ ಮಾಡಿಟ್ಟ: ಕರೆಂಟು ನಿಂತರೆ ಬೆಲ್. ಈಗ ವೈರು ತುಂಡಾದರೂ ಬೆಲ್ ಹೊಡೆಯುತ್ತದೆ. ಮಾಲೀಕನಿಗೆ ಹೇಳಲೇ ಇಲ್ಲ.

"ಹೇಳ್ಬೇಕಿತ್ತು ನೀವು. ಮನೇಲಿ ನನ್ ಮುಂದೆ ಗೊಣಗೂಕೆ ಮಾತ್ರ ಗೊತ್ತು," ಎಂದು ಹೆಂಡತಿ ಯಶೋದಾ ಇಂದಿಗೂ ಬೈಯುತ್ತಾಳೆ.

ಈ ಬೆಳಿಗ್ಗೆ ಪರೀಕ್ಷೆಗೆಂದು ಸುಭಾಷ ಅದೇ ವೈರನ್ನು ಕೀಳುತ್ತಾನೆ. ಬೆಲ್ ಕಿರುಚುತ್ತದೆ. ಎರಡೇ ನಿಮಿಷಕ್ಕೆ, ಬಾಗಿಲಲ್ಲಿ ನಿಂತಿದ್ದ ಮಾಬ್ಲೇಶ್ವರನ ಕಿಸೆಯಲ್ಲಿ ಫೋನ್ ರಿಂಗಾಗುತ್ತದೆ. ಮಾತು ಮುಗಿಸಿ ಇತ್ತ ತಿರುಗುತ್ತಾನೆ.

"ಕಂಡ್ಯಾ ಸುಭಾಷ? ರವಿಕಿರಣ ಸಾಹೇಬ್ರು! ಕಾರವಾರದಲ್ಲಿ ಕೂತ್ಕಂಡೇ ನೀರಿನ ಅಲಾರಂ ಅಂತ ಹೇಳ್ತ್ರು. ತಲೆ ಅಂದ್ರೆ ಅದು ಮಾರಾಯ!"

ಸುಭಾಷ ವೈರು ಸಿಕ್ಕಿಸುತ್ತಾನೆ. ಕಿವಿಯ ತುದಿ ಕೆಂಪಾಗಿದೆ. ಮಾಲೀಕ ಅತ್ತ ಹೋದ ಮೇಲೆ ಗುಟ್ಟು ಬಿಟ್ಟುಕೊಡುತ್ತಾನೆ: ಅಲಾರಂ ಬಂದರೆ ಕಂಟ್ರೋಲರ್ ತಾನೇ ಮೊಬೈಲಿಗೆ ಮೆಸೇಜು ಕಳಿಸುತ್ತದೆ. ಅದರಲ್ಲಿರುವುದು ರವಿಕಿರಣನ ನಂಬರೊಂದೇ.

ನಿಮ್ಮ ನಂಬರ್ ಹಾಕಲು ಬರುವುದಿಲ್ಲವೇ ಎಂದರೆ ಕೈ ಒರೆಸಿಕೊಳ್ಳುತ್ತಾನೆ.

"ಪಾಸ್‌ವರ್ಡ್ ನನ್ ಹತ್ರನೇ ಅದೆ. ಅರ್ಧ ನಿಮಿಷದ ಕೆಲ್ಸ. ಆದ್ರೆ ನಾನೇ ಹಾಕ್ಕಣೂದಲ್ಲ. 'ಸುಭಾಷ, ನಿನ್ ನಂಬ್ರನೂ ಹಾಕು' ಅಂತ ಮಾಬ್ಲೇಶ್ವರಣ್ಣ ಒಂದ್ಸಲ ಬಾಯ್ಬಿಟ್ಟು ಹೇಳ್ಬೇಕು. ಶಾಲು ಆ ಸಾಹೇಬ್ರೇ ಇಟ್ಕಳ್ಲಿ."