ಹಿಂದಿನ ಗೇಟಿನ ಕೀಲಿಕೈ

ಹೋದ ತಿಂಗಳು ಸಿದ್ಧೇಶ್ವರ ಗುಡಿ ಹಿಂದಿನ ಪಾರ್ಲರಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕುಳಿತಿದ್ದೆ. ಹುಡುಗಿ ಬಟ್ಟಲಲ್ಲಿ ಬಣ್ಣ ಕಲಸಿದ ಕೂಡಲೇ ಅಮೋನಿಯಾ ವಾಸನೆ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. "ಉರಿತೈತೇನ್ರಿ?" ಎಂದಳು. ಇಲ್ಲ ಎಂದೆ. ಅಷ್ಟರಲ್ಲಿ ನನಗೆ ಅಕ್ಕ ನೆನಪಾಗಿದ್ದಳು...

ತಿಕೋಟಾ ಹತ್ತಿರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ ಹೆಂಗಸರು ನಾವಿಬ್ಬರೇ. ನಾನು ವಿಜಯಪುರದಿಂದ ಹೋಗುತ್ತಿದ್ದೆ, ಎಲ್ಲರೂ ಅಕ್ಕ ಎನ್ನುತ್ತಿದ್ದ ಅವಳು ಕನಮಡಿಯಿಂದ ಬರುತ್ತಿದ್ದಳು. ನಾನು ಪಿಯುಸಿ ಮುಗಿಸಿ ತರಬೇತಿ ಪಡೆದವಳು. ಹಾಜರಿ ಪುಸ್ತಕ, ಕ್ಯಾಮೆರಾ ಎಲ್ಲ ನನ್ನ ಕೈಯಲ್ಲಿ. ಅಕ್ಕನಿಗೆ ಓದು ಬರುತ್ತಿರಲಿಲ್ಲ. ಆದರೆ ಒಳಗೆ ಯಾರ್‍ಯಾರಿದ್ದಾರೆ ಎಂದು ಮಾಲೀಕರು ಕೇಳಿದರೆ, ನಾನು ಪುಟ ತಿರುವುವಷ್ಟರಲ್ಲಿ ಅವಳು ಹೆಸರು ಹೇಳಿ ಮುಗಿಸಿರುತ್ತಿದ್ದಳು.

ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ದ್ರಾಕ್ಷಿ ಆರಿಸುವ ಹೆಂಗಸರು ತಪಾಸಣೆಗೆ ಅವಳ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಬುತ್ತಿ ಬಿಚ್ಚಿದರೆ ಅವಳನ್ನು ಕರೆಯುತ್ತಿದ್ದರು. ನನ್ನನ್ನು ಮೇಡಂ ಎಂದು ಕರೆದು ದೂರವೇ ಇಟ್ಟಿದ್ದರು.

ಮಧ್ಯಾಹ್ನ ಅವರು ಬೇವಿನ ನೆರಳಲ್ಲಿ ಊಟಕ್ಕೆ ಕೂರಲೆಂದು ಅಕ್ಕ ಹಿಂದಿನ ಗೇಟು ತೆಗೆಯುತ್ತಿದ್ದಳು. ಒಂದು ದಿನ ಗೋಡೆಯಾಚೆ ಅವರೆಲ್ಲ ನಗುವುದು ಕೇಳಿಸಿತು. ನಾನು ನೇರವಾಗಿ ಮಾಲೀಕರ ಬಳಿ ಹೋಗಿ, ಆ ದಾರಿಯಿಂದ ಮಾಲು ಹೊರಗೆ ಹೋಗಬಹುದು ಎಂದೆ. ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಕೀಲಿಕೈಯನ್ನು ಅಕ್ಕನಿಂದ ನನಗೆ ಕೊಡಿಸಿದರು. ಗೇಟಿಗೆ ಬೀಗ ಬಿತ್ತು. ಅಂದು ಬಸ್ಸಿನಲ್ಲಿ ಕೂತು ಎಷ್ಟು ಹಿಗ್ಗಿದ್ದೆನೋ...

ಅದಾದ ವಾರದೊಳಗೆ, ಊಟದ ಹೊತ್ತಿಗೆ ಮುಂಚೆ, ತಂಪು ಮಾಡುವ ಯಂತ್ರದ ಕೋಣೆಯ ಪೈಪು ಒಡೆದು ಅಮೋನಿಯಾ ಅನಿಲ ಹೊರಬಂತು. ನಾನು ಸೀಟಿ ಊದಿ ಎಲ್ಲರನ್ನೂ ಮುಂದಿನ ಗೇಟಿಗೆ ಕರೆದೆ. ತರಬೇತಿಯಲ್ಲಿ ಹಾಗೇ ಕಲಿತಿದ್ದೆ. ಅಕ್ಕ ಅಂಗಳದ ಧೂಳು ಯಾವ ಕಡೆ ಹಾರುತ್ತಿದೆ ಎಂದು ನೋಡಿದಳು.

"ಮುಂದ ಹೋಗಬ್ಯಾಡ್ರಿ, ಗಾಳಿ ಆ ಕಡೇನ ಹೊಂಟೈತಿ. ಸೆರಗ ತೊಯ್ಸಿ ಮಾರಿಗೆ ಹಿಡ್ಕೋರಿ, ಹಿಂದ ನಡೀರಿ."

ಎಲ್ಲರೂ ಅವಳ ಹಿಂದೆ ಓಡಿದರು. ನಾನೂ ಓಡಿದೆ. ಗೇಟಿನ ಮುಂದೆ ನಿಂತು ಅವಳು ನನ್ನತ್ತ ಕೈ ಚಾಚಿದಳು. ಕೀಲಿಕೈ ಹಿಂದಿನ ದಿನದ ಪ್ಯಾಂಟಿನ ಜೇಬಿನಲ್ಲಿ, ಮನೆಯಲ್ಲಿತ್ತು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಕಲ್ಲು ಎತ್ತಿ ಬೀಗದ ಮೇಲೆ ಹಾಕತೊಡಗಿದಳು. ಅಷ್ಟರಲ್ಲಿ ಇಬ್ಬರು ಕೆಮ್ಮುತ್ತಾ ಕುಸಿದಿದ್ದರು. ಬೀಗ ಮುರಿದ ಮೇಲೆ ಅಕ್ಕ ಹೊರಗೆ ಬಂದವರ ಮುಖ ನೋಡಿ, ಒಬ್ಬಳು ಕಡಿಮೆ ಇದ್ದಾಳೆ ಎಂದಳು. ನನಗೆ ತಡೆಯಲೂ ತೋಚಲಿಲ್ಲ. ಅವಳು ಮತ್ತೆ ಒಳಗೆ ಹೋಗಿ, ಅಲ್ಲೇ ಉಳಿದಿದ್ದ ಸಾರವಾಡದ ಹೆಂಗಸನ್ನು ಹೆಗಲಿಗೆ ಆನಿಸಿಕೊಂಡು ಬಂದಳು.

ಎಲ್ಲರೂ ಉಳಿದರು. ಅಕ್ಕನ ಕೆಮ್ಮು ಮಾತ್ರ ಹೋಗಲಿಲ್ಲ.

ಗೇಟು ಯಾಕೆ ತೆರೆಯಲಿಲ್ಲ ಎಂದು ಮಾಲೀಕರು ಇಬ್ಬರನ್ನೂ ನಿಲ್ಲಿಸಿ ಕೇಳಿದಾಗ ಅವಳೇ ಮೊದಲು ಬಾಯಿಬಿಟ್ಟಳು. "ಕೀಲಿಕೈ ಮುಂಜಾನೆ ಈಕಿ ಕಡಿಂದ ನಾನ ಇಸ್ಕೊಂಡಿದ್ನಿರಿ. ಗಡಿಬಿಡ್ಯಾಗ ಎಲ್ಲಿ ಬಿತ್ತೋ."

ನಾನು ಸುಮ್ಮನಿದ್ದೆ. ಅವಳ ಕೆಲಸ ಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅವಳ ಹಿಂದೆ ಹೋಗಿ ನಿಂತೆ. "ನಿನಗ ಈ ಕೆಲಸ ಬೇಕು ತಂಗಿ. ನನಗ ಊರಾಗ ಕುರಿ ಅದಾವ," ಎಂದು ಬಸ್ಸು ಹತ್ತಿದಳು. ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು. ಇಷ್ಟು ದೊಡ್ಡ ಮನಸ್ಸು ಇವಳಿಗೇ ಯಾಕೆ ಇರಬೇಕು ಎಂದು...

ಪಾರ್ಲರಿನಿಂದ ಬಂದ ಮರುದಿನವೇ ಕನಮಡಿಗೆ ಹೋದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಸೊಸೆ ಒಳಗೆ ಕರೆದು ಚಹಾ ಕೊಟ್ಟಳು. ನಾನು ಯಾರೆಂದು ಹೇಳಿದೆ.

"ಅಯ್ಯ, ನೀವನ ಏನ್ರಿ? ನಮ್ಮತ್ತಿ ಭಾಳ ಹೇಳ್ತಿದ್ರು. ನೀವು ಪೆನ್ನ ಹಿಡಿದು ಬರಕೋತ ಕುಂತಿದ್ದು ನೋಡಿದ್ರ ಹೊಟ್ಟಿ ಉರಿತಿತ್ತಂತ. ಅದಕ್ಕ ನನ್ನ ಮಗಳಿಗೆ ಸಾಲಿ ಬಿಡಸಗೊಡಲಿಲ್ಲ ನೋಡ್ರಿ."

ಆ ಮಗಳು ಹೊಸ್ತಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕೀಲಿಕೈಯ ವಿಷಯ ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಕೇಳಬೇಕಾದವಳು ಇರಲಿಲ್ಲ. ಆದರೂ ಬಟ್ಟಲು ಕೆಳಗಿಟ್ಟು, ಸೊಸೆಯನ್ನು ಹತ್ತಿರ ಕೂರಿಸಿಕೊಂಡು, ಮೊದಲಿನಿಂದ ಹೇಳಿದೆ. ನಾನು ಹಿಂದಿರುಗುವಾಗ ಆಕೆ ಬಾಗಿಲವರೆಗೂ ಬರಲಿಲ್ಲ.