ದೊರೆಸಾನಿಯ ಕುರ್ಚಿಯಾಟ

ಗ್ರಾಮಫೋನಿಗೆ ಕೀಲಿ ಕೊಡುವಾಗಿನ ಕರಕರ ಸದ್ದು ಈಗ ಯಾರ ಮನೆಯಲ್ಲೂ ಕೇಳುವುದಿಲ್ಲ. ಮೊನ್ನೆ ಗೋಣಿಕೊಪ್ಪಲಿನ ನೆಂಟರ ಮನೆಗೆ ಹೋಗಿದ್ದಾಗ, ಅಟ್ಟದಿಂದ ಇಳಿಸಿದ ಹಳೆಯದೊಂದಕ್ಕೆ ಮಕ್ಕಳು ಕೀಲಿ ತಿರುಗಿಸುತ್ತಿದ್ದರು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಎಲ್ಲಿಂದಲೋ ಕಿತ್ತಳೆ ಸಿಪ್ಪೆಯ ವಾಸನೆ ಬಂತು. ಅಲ್ಲಿ ಕಿತ್ತಳೆ ಇರಲಿಲ್ಲ. ನಾನು ಪಕ್ಕದ ಕುರ್ಚಿಯಲ್ಲಿ ಗಪ್ಪನೆ ಕೂತುಬಿಟ್ಟೆ. "ಏನಾಯ್ತಜ್ಜಿ?" ಎಂದು ಮಕ್ಕಳು ಕೇಳಿದವು. ಏನೆಂದು ಹೇಳಲಿ? ನಿಮಗೂ ಇಂಥದೊಂದು ಸದ್ದು, ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಹಾಗಾಗಿ ನಿಮಗೇ ಹೇಳುತ್ತೇನೆ.

ಅದು ಬ್ರಿಟಿಷರ ಕಾಲದ ಮಡಿಕೇರಿ. ಅಪ್ಪ ಕೋಟೆಯೊಳಗಿನ ಕಚೇರಿಯಲ್ಲಿ ಗುಮಾಸ್ತರು, ಅಣ್ಣ ಶಾಲೆಯ ಮೇಷ್ಟ್ರು. ಮನೆಯ ದರಬಾರು ಮಾತ್ರ ಅಮ್ಮನದು. ನನಗೆ ಒಂಬತ್ತಾಗಿದ್ದಾಗ ಅಣ್ಣನ ಹೆಂಡತಿ ಸರಸತ್ತಿಗೆ ಘಟ್ಟದ ಕೆಳಗಿನ ಸುಳ್ಯದ ಕಡೆಯಿಂದ ನಮ್ಮ ಮನೆಗೆ ಬಂದಳು. ಅವಳಿಗಿನ್ನೂ ಹದಿನೇಳು. ಅತ್ತೆಯ ಎದುರು ಸೊಸೆ ಕೂರಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅಮ್ಮ ಅಡಿಗೆಮನೆಗೆ ಕಾಲಿಟ್ಟರೆ ತರಕಾರಿ ಹೆಚ್ಚುತ್ತಿದ್ದ ಅತ್ತಿಗೆ ಈಳಿಗೆಮಣೆ ಬಿಟ್ಟು ಏಳಬೇಕು, ಅಮ್ಮ ಆಚೆ ಹೋದರೆ ಮತ್ತೆ ಕೂರಬೇಕು. ಅಮ್ಮನಿಗೋ ಒಂದು ಕಡೆ ನಿಂತು ಗೊತ್ತಿಲ್ಲ. ಆ ಹುಡುಗಿ ದಿನಕ್ಕೆಷ್ಟು ಸಲ ಎದ್ದು ಕೂತು ಮಾಡುತ್ತಿದ್ದಳೋ ದೇವರಿಗೇ ಗೊತ್ತು. ಅಮ್ಮ ಕೆಟ್ಟವಳಲ್ಲ. ತನ್ನ ಅತ್ತೆಯ ಎದುರು ಅವಳೂ ಹೀಗೇ ಎದ್ದು ನಿಂತು ನಿಂತು ಸವೆದವಳು. ಬೇರೆ ರೀತಿ ಇರಬಹುದೆಂದು ಅವಳಿಗೆ ಹೇಳಿಕೊಟ್ಟವರೇ ಇರಲಿಲ್ಲ.

ನಾಲ್ಕು ತಿಂಗಳಾದರೂ ಅತ್ತಿಗೆಯ ಬಾಯಿಂದ "ಹೂಂ ಅತ್ತೆ" ಎನ್ನುವುದನ್ನು ಬಿಟ್ಟು ಮಾತೇ ಹೊರಡಲಿಲ್ಲ. ಬಚ್ಚಲುಮನೆಯ ಹಿಂದೆ ನಿಂತು ಅಳುವುದನ್ನು ನಾನು ನೋಡಿದ್ದೆ. ನನಗೆ ಜಡೆ ಹಾಕುವಾಗ ಮಾತ್ರ ತವರಿನ ತುಳು ಹಾಡೊಂದನ್ನು ಮೂಗಿನಲ್ಲೇ ಗುನುಗುತ್ತಿದ್ದಳು. ಆ ಹಾಡಿಗಾಗಿ ನಾನು ದಿನಕ್ಕೆರಡು ಸಲ ಜಡೆ ಬಿಚ್ಚಿಕೊಂಡು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅಮ್ಮ ಅಣ್ಣನಿಗೆ, "ಈ ಹುಡುಗಿಗೆ ನಮ್ಮನೆ ಹಿಡಿಸ್ಲಿಲ್ಲ ಕಣೋ. ಬರೋ ವಾರ ಬಸ್ಸಿಗೆ ಕರ್ಕೊಂಡ್ಹೋಗಿ ತವರಿಗೆ ಬಿಟ್ಟು ಬಾ. ಆಮೇಲೆ ನೋಡೋಣ" ಎಂದಳು. ಅಣ್ಣ ಕೊಡೆ ಎತ್ತಿಕೊಂಡು ಶಾಲೆಗೆ ಹೊರಟ. ನಮ್ಮ ಬೀದಿಯ ಇನ್ನೊಂದು ಮನೆಯ ಸೊಸೆಯೂ "ಆಮೇಲೆ ನೋಡೋಣ" ಎಂದೇ ತವರಿಗೆ ಹೋದವಳು, ಮತ್ತೆ ಬಂದಿರಲಿಲ್ಲ. ನಾನು ಊಟ ಬಿಟ್ಟು ಕೂತೆ. ಯಾಕೆಂದು ಯಾರೂ ಕೇಳಲಿಲ್ಲ.

ಅದೇ ವಾರ ಅಪ್ಪನ ಕಚೇರಿಯ ದೊಡ್ಡ ಸಾಹೇಬರ ಬಂಗಲೆಯಿಂದ ಕರೆ ಬಂತು. ಊರಿನ ಹೆಂಗಸರು ಜಾತಿ ಭಾಷೆ ಎನ್ನದೆ ಒಂದು ಮಧ್ಯಾಹ್ನ ಸೇರಿ ಆಟವಾಡಲಿ, ಪರಸ್ಪರ ಪರಿಚಯವಾಗಲಿ ಎಂದು ಹೊಸದಾಗಿ ಬಂದಿದ್ದ ದೊರೆಸಾನಿಯ ಆಸೆ. "ಹೋಗ್ದಿದ್ರೆ ಚೆನ್ನಾಗಿರಲ್ಲ. ಸೊಸೇನೂ ಕರ್ಕೊಂಡು ಹೋಗು" ಎಂದು ಅಪ್ಪ ಹೇಳಿದರು. ಅಮ್ಮ ಮೂರು ಷರತ್ತು ಹಾಕಿಯೇ ಅತ್ತಿಗೆಯನ್ನೂ ನನ್ನನ್ನೂ ಕರೆದುಕೊಂಡು ಹೊರಟದ್ದು: ಅಲ್ಲಿ ಚಾ ಕುಡಿಯುವುದಿಲ್ಲ, ಸಿಪ್ಪೆ ಇರುವ ಹಣ್ಣು ಮಾತ್ರ ತಿನ್ನುವುದು, ಬಂದ ಕೂಡಲೇ ಸ್ನಾನ.

ಉದ್ದನೆಯ ಜಗಲಿಯಲ್ಲಿ ಒಂಬತ್ತು ಹೆಂಗಸರು, ಬುಟ್ಟಿ ತುಂಬ ಕಿತ್ತಳೆ. ಕಣ್ಣಿಗೆ ಬಟ್ಟೆ ಕಟ್ಟಿ ಕೈ ಮುಟ್ಟಿ ಹೆಸರು ಹೇಳುವ ಆಟ ಮೊದಲು. ಅರ್ಧಕ್ಕರ್ಧ ಹೆಂಗಸರು ಮಡಿಯವರು, ಕೈ ಕೊಡಲೇ ಇಲ್ಲ. ದೊರೆಸಾನಿ ಬೇಸರಿಸದೆ ಎಂಟು ಬೆತ್ತದ ಕುರ್ಚಿ ಹಾಕಿಸಿ ಗ್ರಾಮಫೋನಿಗೆ ಕೀಲಿ ಕೊಟ್ಟಳು. ಹಾಡು ಇರುವಷ್ಟು ಹೊತ್ತು ಸುತ್ತಬೇಕು, ನಿಂತ ಕೂಡಲೇ ಕೂರಬೇಕು. ಕುರ್ಚಿ ಸಿಗದವರು ಆಟದಿಂದ ಹೊರಗೆ, ಪ್ರತಿ ಸಲ ಒಂದು ಕುರ್ಚಿ ಕಡಿಮೆ. ಹಾಡು ನಿಂತಿತು. ಒಬ್ಬರೂ ಕೂರಲಿಲ್ಲ! "ನೀವು ಕೂತ್ಕೊಳ್ಳಿ", "ಅಯ್ಯೋ, ದೊಡ್ಡವರು ನೀವಿರುವಾಗ ನಾನಾ?" ಎಂದು ಉಪಚಾರ ಶುರುವಾಯಿತು. ಕೊನೆಗೆ ವಯಸ್ಸಿನಲ್ಲಿ ಹಿರಿಯಳಾದ ಅಮ್ಮನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಮಿಕ್ಕವರೆಲ್ಲ ಆರತಿ ಎತ್ತುವವರ ಹಾಗೆ ಸುತ್ತ ನಿಂತರು. ಏಳು ಕುರ್ಚಿ ಖಾಲಿ. ದೊರೆಸಾನಿ ಕಣ್ಣು ಕಣ್ಣು ಬಿಟ್ಟಳು. ಇಂಗ್ಲಿಷು ಬಲ್ಲ ಬೋಜಮ್ಮಕ್ಕ, ಕೊಡವರ ಪೈಕಿ ಸುಬೇದಾರರ ಹೆಂಡತಿ, ಹೊಟ್ಟೆ ಹಿಡಿದು ನಗುತ್ತ, "ಈ ಆಟದಲ್ಲಿ ಮರ್ಯಾದೆ ಕೊಟ್ಟವರು ಸೋತ ಹಾಗೆ ಮಾರಾಯ್ರೆ! ಕುರ್ಚಿ ಸಿಕ್ಕಿದ್ರೆ ಬಿಡ್ಬೇಡಿ!" ಎಂದು ಕೂಗಿದರು.

ಆಮೇಲೆ ಆಟಕ್ಕೆ ಕಳೆ ಬಂತು. ಸೆರಗು ಸಿಕ್ಕಿಸಿಕೊಂಡು ಓಡಿದರು, ನೂಕಿದರು, ನಕ್ಕರು. ಆದರೂ ಅಮ್ಮನ ಮುಂದಿನ ಕುರ್ಚಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಾಗಾಗಿ ಅಮ್ಮ ಗಾಂಭೀರ್ಯ ಬಿಡದೆ ಕೊನೆಯವರೆಗೂ ಉಳಿದಳು. ಜೊತೆಗೆ ಉಳಿದವಳು ಸರಸತ್ತಿಗೆ. ನಾಲ್ಕು ತಿಂಗಳು ಎದ್ದು ಕೂತು ಮಾಡಿದ ಅಭ್ಯಾಸ ಸುಮ್ಮನೆ ಹೋಗುತ್ತದೆಯೇ?

ಒಂದೇ ಕುರ್ಚಿ. ಅತ್ತೆ, ಸೊಸೆ. ಅತ್ತಿಗೆಯ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ತಾನೆಲ್ಲಿದ್ದೇನೆಂಬುದನ್ನೇ ಮರೆತಿದ್ದಳು. ಹಾಡು ನಿಂತಿತು. ಅತ್ತಿಗೆ ಥಟ್ಟನೆ ಕೂತಳು. ಕುರ್ಚಿ ತನಗೇ ಎಂಬ ಭರವಸೆಯಲ್ಲಿದ್ದ ಅಮ್ಮ ಹಿಂದೆ ತಿರುಗಿಯೂ ನೋಡದೆ, ಸೀರೆ ಸರಿಮಾಡಿಕೊಂಡು, ನಿಧಾನವಾಗಿ ಸೊಸೆಯ ತೊಡೆಯ ಮೇಲೆ ಕೂತಳು.

ಬೋಜಮ್ಮಕ್ಕನ ನಗು ಕೂಡ ನಿಂತಿತು. ಅತ್ತಿಗೆ ಏಳಲು ಒದ್ದಾಡಿದಳು, ಅಮ್ಮನ ಭಾರಕ್ಕೆ ಆಗಲಿಲ್ಲ. "ಅತ್ತೆ... ತಪ್ಪಾಯ್ತು ಅತ್ತೆ, ಏಳ್ತೇನೆ" ಎಂದು ಅಳುವ ದನಿಯಲ್ಲಿ ಹೇಳಿದಳು. ಅಮ್ಮನ ಬೆನ್ನು ಅದುರುತ್ತಿತ್ತು. ಕೋಪವೆಂದುಕೊಂಡೆ. ನೋಡಿದರೆ ಅಮ್ಮ ನಗುತ್ತಿದ್ದಳು! ಕಣ್ಣಲ್ಲಿ ನೀರು ಬರುವಷ್ಟು. ಅಮ್ಮನಿಗೆ ಹಾಗೆ ನಗಲು ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. "ಇರೇ, ಕೂತವಳು ಕೂತೇ ಇರು. ನಂಗೂ ಸುಸ್ತಾಗಿದೆ" ಎಂದು, ಸೊಸೆಯ ತೊಡೆಯ ಮೇಲೇ ಕೂತು ಒಂದು ಕಿತ್ತಳೆ ಸುಲಿದು, ಅರ್ಧ ಅವಳ ಕೈಗಿಟ್ಟಳು.

ಮರುದಿನ ಅಮ್ಮ ಅಡಿಗೆಮನೆಗೆ ಬಂದಾಗ ಅತ್ತಿಗೆ ಎಂದಿನಂತೆ ಏಳಹೊರಟಳು. "ಕೂತೇ ಹೆಚ್ಚೇ. ನೀನು ಎದ್ದುಬಿಟ್ರೆ ನಾನೆಲ್ಲಿ ಕೂರ್ಲಿ?" ಎಂದಳು ಅಮ್ಮ. ತವರಿನ ಬಸ್ಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈಗ ಆ ಮನೆಯಿಲ್ಲ. ಅಪ್ಪ, ಅಣ್ಣ, ಕೊನೆಗೆ ಅತ್ತಿಗೆ, ಒಬ್ಬೊಬ್ಬರಾಗಿ ಹೋದರು. ಎಲ್ಲರಿಗಿಂತ ಮೊದಲು ಹೋದವಳು ಅಮ್ಮ. ಉಬ್ಬಸದಿಂದ ಮಲಗಲಾರದೆ ಒದ್ದಾಡುತ್ತಿದ್ದ ಅವಳನ್ನು ಅತ್ತಿಗೆ ಮಂಚದ ಮೇಲೆ ಕೂತು, ತೊಡೆಯ ಮೇಲೆ ಏರಿಸಿ, ಎರಡು ರಾತ್ರಿ ಎದೆಗೆ ಒರಗಿಸಿಕೊಂಡಿದ್ದಳು. ಮೂರನೆಯ ದಿನ ಬೆಳಿಗ್ಗೆ ಅಮ್ಮ ತಡೆತಡೆದು, "ಕಾಲು ಜೋಮು ಹಿಡಿದಿರ್ಬೇಕು ಕಣೇ, ಏಳು" ಎಂದಳು. "ಕೂತವಳು ಕೂತೇ ಇರು ಅಂದಿದ್ರಲ್ಲ ಅತ್ತೆ" ಎಂದಳು ಅತ್ತಿಗೆ. ಅಮ್ಮನ ತುಟಿ ಸ್ವಲ್ಪ ಅರಳಿತು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಬಂದವರೆಲ್ಲ "ಏಳಮ್ಮ, ಮುಂದಿನ ಕೆಲಸ ಆಗ್ಬೇಕು" ಎಂದರು. ಅಣ್ಣನೂ ಹೇಳಿದ. ಅಮ್ಮ ಬಂದಳೆಂದರೆ ಎದ್ದು ನಿಲ್ಲುತ್ತಿದ್ದ ನನ್ನ ಅತ್ತಿಗೆ, ಅಂದು ಬಹಳ ಹೊತ್ತು, ಯಾರು ಹೇಳಿದರೂ ಏಳಲಿಲ್ಲ.