ನಲ್ಲಿ ನೀರಿನ ನಿಜ ಹೇಳುವಾಕೆ

ಬೆಳಕು ಹರಿಯುವ ಹೊತ್ತಿಗೆ ನೀರು ಸರಬರಾಜು ಕಚೇರಿಯ ಮಹಡಿಯಲ್ಲಿ ಒಂದೇ ಕೋಣೆಯ ಬಾಗಿಲು ತೆರೆದಿದೆ. ಒಳಗೆ ನಡುವಯಸ್ಸಿನ ಮಹಿಳೆಯೊಬ್ಬರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಪಂಪ್‌ಹೌಸಿನವನು ಹೇಳಿದ್ದನ್ನು ಟೈಪ್ ಮಾಡುತ್ತಿದ್ದಾರೆ. ಇವತ್ತು ಯಾವ ಬೀದಿಗೆ ನೀರು, ಯಾವ ಬೀದಿಗಿಲ್ಲ ಎಂಬುದು ಊರು ಹಾಸಿಗೆ ಬಿಡುವ ಮುನ್ನ ಕಚೇರಿಯ ಫೇಸ್‌ಬುಕ್ ಪುಟದಲ್ಲಿ ಬಂದಿರಬೇಕು. ಬಂದ ಮರುಕ್ಷಣವೇ ಬೈಗುಳ ಶುರು. “ಬೈತಾರೆ ಅಂದ್ರೆ ಓದಿದಾರೆ ಅಂತ ತಾನೇ? ಬೈಲಿ ಬಿಡಿ,” ಎಂದು ನಗುತ್ತಾರೆ.

ಕಚೇರಿಯವರಿಗೆ ಇವರು ‘ಪುಟದಕ್ಕ’. ಗುತ್ತಿಗೆಯ ಮೇಲೆ ಟೈಪಿಸ್ಟ್ ಆಗಿ ಸೇರಿದವರು. ಜಾಲತಾಣದಲ್ಲಿ ಪುಟ ತೆರೆಯಿರಿ ಎಂದು ಮೇಲಿನಿಂದ ಆದೇಶ ಬಂದ ದಿನ, ಎಲ್ಲರಿಗೂ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಯಿತಂತೆ. ಅಂದು ರಜೆಯಲ್ಲಿದ್ದವರು ಇವರೊಬ್ಬರೇ, ಹಾಗಾಗಿ ಪುಟ ಇವರ ಕೊರಳಿಗೆ ಬಿತ್ತು.

ಆರಂಭದಲ್ಲೇ ಒಂದು ಎಡವಟ್ಟಾಯಿತು. ಒಂದು ಬಡಾವಣೆಯ ಕೊಳವೆಗೆ ಚರಂಡಿ ನೀರು ಸೇರಿದಾಗ, ‘ನಲ್ಲಿ ನೀರು ಕುಡಿಯಬೇಡಿ’ ಎಂದು ಕೆಂಪಕ್ಷರದ ಚಿತ್ರ ಮಾಡಿ ಹಾಕಿದರು. ದಿನಾಂಕವನ್ನು ಚಿತ್ರದೊಳಗೆ ಬರೆಯುವ ಬದಲು ಅದರ ಮೇಲಿನ ಸಾಲಿನಲ್ಲಿ ಬರೆದರು. ಜನ ಚಿತ್ರವನ್ನಷ್ಟೇ ತೆಗೆದು ಹಂಚಿಕೊಂಡರು. ಕೊಳವೆ ಬೇಗನೆ ದುರಸ್ತಿಯಾಯಿತು, ಚಿತ್ರ ಮಾತ್ರ ವರ್ಷಗಟ್ಟಲೆ ಫೋನಿನಿಂದ ಫೋನಿಗೆ ಅಲೆಯಿತು. ಅದು ಮತ್ತೆ ಬಂದಾಗಲೆಲ್ಲ ಪುಟದಕ್ಕ ಒಬ್ಬೊಬ್ಬರಿಗೂ ಉತ್ತರ ಬರೆದರು: ‘ಅದು ಹಳೆಯ ಚಿತ್ರ, ನಂಬಬೇಡಿ.’ ಊರಿಗೆ ಆ ಮಾತು ಬಾಯಿಪಾಠವಾಗಿ ಹೋಯಿತು.

ಕಳೆದ ತಿಂಗಳು ಅದೇ ಬಡಾವಣೆಯ ಕೊಳವೆ ಮತ್ತೆ ಒಡೆದು ನೀರು ನಿಜವಾಗಿಯೂ ಕೆಟ್ಟಿತು. ಈ ಸಲ ದಿನಾಂಕವನ್ನು ಚಿತ್ರದ ನಟ್ಟನಡುವೆಯೇ ಬರೆದರು. ಯಾರು ಓದಬೇಕು? ಕೆಂಪಕ್ಷರ ಕಂಡದ್ದೇ ತಡ, ಜನ ಒಬ್ಬರಿಗೊಬ್ಬರು ಧೈರ್ಯ ಹೇಳತೊಡಗಿದರು: “ಹಳೇದು ಕಣ್ರೀ, ಕಚೇರಿಯವರೇ ಹೇಳಿದಾರಲ್ಲ.”

“ಜನ ನನ್ನ ಮಾತನ್ನೇ ನಂಗೆ ತಿರುಗಿಸಿ ಹೇಳ್ತಿದಾರೆ! ನಮ್ಮ ನಾದಿನಿ ಮನೆ ಅದೇ ಬಡಾವಣೆ, ಎಳೇ ಮಗು ಬೇರೆ. ಫೋನ್ ಮಾಡಿದ್ರೆ ಅವಳೂ ನಗ್ತಾಳೆ, ‘ಅತ್ತಿಗೆ, ಅದು ಹಳೇದಲ್ವಾ?’ ಅಂತ. ಅವಳನ್ನಾದ್ರೆ ಗದರಿಸಬಹುದು. ಮಿಕ್ಕ ಮನೆಗಳಲ್ಲೂ ಮಕ್ಕಳಿದಾವಲ್ಲ?”

ಇನ್ನು ಮುಖ ತೋರಿಸಿ ಹೇಳಿದರಷ್ಟೇ ಜನ ನಂಬುತ್ತಾರೆ ಎನಿಸಿತು. ಆದರೆ ಪುಟದಲ್ಲಿ ಸಿಬ್ಬಂದಿಯ ಮುಖ ಕಾಣಿಸಕೂಡದೆಂಬುದು ಕಚೇರಿಯ ನಿಯಮ. ಅನುಮತಿ ಕೇಳೋಣವೆಂದರೆ ಸಾಹೇಬರು ಸಭೆಯಲ್ಲಿದ್ದರು, ಫೋನು ಎತ್ತಲಿಲ್ಲ. ಪುಟದಕ್ಕ ಕೊಳವೆ ಒಡೆದ ಜಾಗಕ್ಕೇ ಹೋಗಿ, ಕೆಸರಿನಲ್ಲಿ ನಿಂತು, ರಿಪೇರಿಗೆ ಬಂದಿದ್ದವನ ಕೈಗೆ ತಮ್ಮ ಫೋನು ಕೊಟ್ಟು ವಿಡಿಯೊ ಮಾಡಿಸಿ ಪುಟಕ್ಕೆ ಹಾಕಿದರು.

ಆ ವಿಡಿಯೊ ನಾನು ನೋಡಿದ್ದೇನೆ. ಚಂದವೇನೂ ಇಲ್ಲ. ಚಿತ್ರ ಅಲುಗಾಡುತ್ತದೆ, ಹಿಂದೆ ಪಂಪಿನ ಗದ್ದಲ. “ಹಳೇದು, ನಂಬಬೇಡಿ ಅಂತ ಇಷ್ಟು ದಿನ ಬರೀತಿದ್ದೋಳು ನಾನೇ. ಇವತ್ತು ನಂಬಿ. ಈ ನೀರಿನ ಬಣ್ಣ ನೋಡಿ. ದಮ್ಮಯ್ಯ, ಮಕ್ಕಳಿಗೆ ಕುಡಿಸಬೇಡಿ,” ಎನ್ನುವಾಗ ದನಿ ನಡುಗುತ್ತದೆ. ಸರ್ಕಾರಿ ಪ್ರಕಟಣೆಯೊಂದನ್ನು ನಾನು ಎರಡನೇ ಸಲ ನೋಡಿದ್ದು ಹಿಂದೆಂದೂ ಇಲ್ಲ, ಇದನ್ನು ನೋಡಿದೆ.

ಮಧ್ಯಾಹ್ನದೊಳಗೆ ಬಡಾವಣೆಯವರು ನಲ್ಲಿ ನೀರು ಬಿಟ್ಟು ಟ್ಯಾಂಕರಿನ ಮುಂದೆ ಸಾಲು ನಿಂತಿದ್ದರು. ನಾದಿನಿಯೂ ಆ ಸಾಲಿನಲ್ಲಿದ್ದಳು. ಯಾರೂ ಆಸ್ಪತ್ರೆ ಸೇರಲಿಲ್ಲ. ಪುಟದಕ್ಕನಿಗೆ ಮಾತ್ರ ನಿಯಮ ಮುರಿದದ್ದೇಕೆಂದು ವಿವರಣೆ ಕೇಳಿ ನೋಟಿಸು ಬಂದಿದೆ. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ, ಇನ್ನೂ ತಿಳಿದಿಲ್ಲ.

“ಕೆಲಸ ಹೋದ್ರೆ ಸಂಕಟ ಆಗುತ್ತಪ್ಪಾ, ಆಗಲ್ಲ ಅಂತ ಯಾಕೆ ಹೇಳಲಿ?” ಎನ್ನುತ್ತಾ ಅವರು ಮತ್ತೊಂದು ಬೈಗುಳಕ್ಕೆ ಉತ್ತರ ಬರೆಯುತ್ತಾರೆ. “ಆದ್ರೆ ನೋಡಿ, ನಂಬಬೇಡಿ ಅಂದಾಗ್ಲೂ ಜನ ನನ್ನ ಮಾತು ಕೇಳಿದ್ರು, ನಂಬಿ ಅಂದಾಗ್ಲೂ ಕೇಳಿದ್ರು. ನಮ್ಮ ಮನೇಲೇ ಅಷ್ಟು ಕೇಳಲ್ಲ.”